ಅಂಗೈಯ ಮೇಲೆ ಕೊಟ್ಟ ಮಾತು

ಬೆಳಿಗ್ಗೆ ಐದಕ್ಕೆ ಸ್ನಾನ ಮುಗಿಸಿ ನೀಲಾಂಬಿಕೆ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಮಣೆಯ ಮೇಲೆ ಕೂರುತ್ತಾಳೆ. ಹಣೆಗೆ ವಿಭೂತಿ ಎಳೆದುಕೊಳ್ಳುತ್ತಾಳೆ. ಕೊರಳಲ್ಲಿರುವ ಬಿಳಿ ವಸ್ತ್ರದ ಗಂಟು ಬಿಚ್ಚಿ ಇಷ್ಟಲಿಂಗವನ್ನು ಎಡ ಅಂಗೈಯ ಮೇಲಿಟ್ಟುಕೊಳ್ಳುತ್ತಾಳೆ. ಒಂದಿಷ್ಟು ನೀರು, ಒಂದು ಚಿಟಿಕೆ ವಿಭೂತಿ, ಒಂದು ಪತ್ರೆ. ಪತ್ರೆ ಸಿಗದ ದಿನ ಅಂಗಳದಲ್ಲಿ ಬಿಟ್ಟ ಯಾವುದೋ ಹೂವು. ಆಮೇಲೆ ಎಂಟು ಹತ್ತು ನಿಮಿಷ ಅದನ್ನೇ ನೋಡುತ್ತಾ ಕೂರುವುದು. ಅಷ್ಟಾಗುವ ತನಕ ಬಾಯಿಗೆ ಒಂದು ತೊಟ್ಟು ನೀರನ್ನೂ ಹಾಕುವುದಿಲ್ಲ. ಏಳನೇ ವಯಸ್ಸಿನಲ್ಲಿ ದೀಕ್ಷೆಯಾದಾಗಿನಿಂದ ಒಂದು ದಿನವೂ ತಪ್ಪಿಸಿಲ್ಲ. ಹೆರಿಗೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನರ್ಸಮ್ಮನ ಹತ್ತಿರ ಬಿಸಿನೀರು ಕೇಳಿ ತರಿಸಿಕೊಂಡು, ಕೈ ತೊಳೆದು, ಮಂಚದ ಮೇಲೇ ಕೂತು ಮಾಡಿದ್ದಳು.

ಕೊಪ್ಪದ ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಅವಳು ಬಂದು ಸೇರಿದಾಗ ವಯಸ್ಸು ಮೂವತ್ತೈದು. ಸಭೆಯಲ್ಲಿ ಬಾಗಿಲ ಪಕ್ಕ ಕೂರುತ್ತಿದ್ದಳು. ಯಜಮಾನರು ಏನು ಮಾಡ್ತಾರೆ ಎಂದು ಯಾರೋ ಕೇಳಿದ್ದಕ್ಕೆ "ಬಾಳೆಹೊನ್ನೂರಲ್ಲಿ ಅಂಗಡಿ" ಎಂದಳು, ಅಷ್ಟೇ. ಉಳಿದದ್ದನ್ನು ಹೇಳಲು ಎರಡು ವರ್ಷ ತೆಗೆದುಕೊಂಡಳು. ಅದೂ ಒಂದೇ ಸಲ ಅಲ್ಲ, ಹಪ್ಪಳ ಒಣಹಾಕುವಾಗ ಒಂದಿಷ್ಟು, ಬಸ್ಸಿಗೆ ಕಾಯುವಾಗ ಒಂದಿಷ್ಟು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಗಂಡ ವೀರೇಶನದು ಔಷಧಿ ಹೊಡೆಯುವ ಪಂಪುಗಳ ಅಂಗಡಿ. ಮಾರುವುದು, ರಿಪೇರಿ ಮಾಡುವುದು ಎರಡೂ. ಅಂಗಡಿ ಇರುವುದು ಅವನ ಅಪ್ಪ ಶಿವಶಂಕರಪ್ಪನವರ ಹೆಸರಲ್ಲಿ, ನಡೆಸುವವನು ವೀರೇಶ. ಮಳೆ ಹಿಡಿಯುವ ಮೊದಲು ತೋಟಕ್ಕೆ ಕೊಳೆರೋಗದ ಬೋರ್ಡೋ ದ್ರಾವಣ ಹೊಡೆಯಬೇಕಾದ ಕಾಲದಲ್ಲಿ ಸುತ್ತಲಿನ ಹಳ್ಳಿಯವರೆಲ್ಲ ಒಂದೇ ವಾರದಲ್ಲಿ ಕೆಟ್ಟ ಪಂಪುಗಳನ್ನು ಜೀಪಿಗೆ ಹಾಕಿಕೊಂಡು ಬಂದುಬಿಡುತ್ತಾರೆ. ಮದುವೆಯಾದ ಮೊದಲ ವರ್ಷ ನೀಲಾಂಬಿಕೆ ಅಂಗಡಿಗೆ ಊಟ ಕೊಡಲು ಹೋಗುತ್ತಿದ್ದಳು. ನೋಡಿ ನೋಡಿ ವಾಷರ್ ಹಾಕುವುದು ಕಲಿತಳು, ಆಮೇಲೆ ಆಯಿಲ್ ಸೀಲು, ವಾಲ್ವು. ಮೂರನೇ ವರ್ಷಕ್ಕೆ ಇಡೀ ಪಂಪು ಬಿಚ್ಚಿ ಜೋಡಿಸುವುದು ಅವಳ ಕೆಲಸವೇ ಆಗಿಹೋಯಿತು.

"ಏ ವೀರೇಶ, ನೀ ಮುಟ್ಟಬೇಡ ಮಾರಾಯ. ನಿನ್ನ ಹೆಂಡ್ತಿ ಹಾಕಿದ ಸೀಲು ಎರಡು ಮಳೆಗಾಲ ಬರ್ತದೆ, ನೀ ಹಾಕಿದ್ದು ಗೇಟು ದಾಟೋದ್ರೊಳಗೆ ಸೋರ್ತದೆ" ಎಂದು ಕೆರೆಕಟ್ಟೆ ಕಡೆಯ ಮಂಜಪ್ಪ ಎಲ್ಲರೆದುರು ಹೇಳುತ್ತಿದ್ದರು. ಅವರು ಆ ಅಂಗಡಿಯ ಹಳೆಯ ಗಿರಾಕಿ. ವೀರೇಶ ಅಲ್ಲಿ ನಗುತ್ತಿದ್ದ. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ.

ಮಗಳು ನಿಶ್ಚಿತಾ ಹುಟ್ಟಿದ ಮೇಲೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಇನ್ನು ಬೇಡ ಎಂದರು ಡಾಕ್ಟರು. ಅಲ್ಲಿಂದ ಆ ಮನೆಯ ಮಾತು ಬದಲಾಯಿತು. ಅತ್ತೆ ಅವಳಿಗೆ ಬಡಿಸುವುದನ್ನು ಬಿಟ್ಟರು. ವೀರೇಶ ಚಿಕ್ಕಮಗಳೂರಿಗೆ ಮಾಲು ತರಲು ಹೋದವನು ಎರಡು ದಿನ ಬಿಟ್ಟು ಬರತೊಡಗಿದ. ಅವನು ಎಷ್ಟು ಸಲ ಕೈ ಎತ್ತಿದ್ದಾನೆ ಎಂದು ಕೇಳಿದಾಗ ಅವಳು ಸ್ವಲ್ಪ ಯೋಚಿಸಿ "ಮೂರು" ಎಂದಳು. ಹೆಚ್ಚಿಗೆ ಹೇಳಬಾರದೆಂಬ ಎಚ್ಚರ ಅವಳ ಮುಖದಲ್ಲಿತ್ತು.

ಎರಡು ಸಾವಿರದ ಇಪ್ಪತ್ತೆರಡರ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ವೀರೇಶನ ಸೋದರಮಾವ ರೇಣುಕಪ್ಪನವರ ಮನೆಯಲ್ಲಿ ಹಿರಿಯರು ಸೇರಿದರು. ರೇಣುಕಪ್ಪನವರು ಕಾಫಿ, ಮೆಣಸು ಖರೀದಿಸುವ ವ್ಯಾಪಾರಿ. ನಾಲ್ಕು ಜನರ ಜಗಳ ಬಗೆಹರಿಸಿದ್ದಾರೆಂದು ಹೆಸರು. ನೀಲಾಂಬಿಕೆಯ ಕಡೆಯಿಂದ ಬಂದವನು ಅವಳ ತಮ್ಮ ಪ್ರಸನ್ನಕುಮಾರ್ ಒಬ್ಬನೇ. ಕೊಪ್ಪ ಶೃಂಗೇರಿ ನಡುವೆ ಖಾಸಗಿ ಬಸ್ಸು ಓಡಿಸುವವನು, ಅರ್ಧ ದಿನ ರಜೆ ಹಾಕಿ ಬಂದಿದ್ದ. ಛಾಪಾ ಕಾಗದದ ಮೇಲೆ ಎಲ್ಲ ಮೊದಲೇ ಟೈಪಾಗಿತ್ತು. ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ, ಮಗಳು ತಾಯಿಯ ಹತ್ತಿರ ಇರತಕ್ಕದ್ದು, ತಾಯಿಗಾಗಲಿ ಮಗಳಿಗಾಗಲಿ ಮುಂದೆ ಎಂದೂ ಜೀವನಾಂಶ ಕೇಳತಕ್ಕದ್ದಲ್ಲ, ಒಂದು ಲಕ್ಷ ರೂಪಾಯಿ ಸಂದಾಯವಾಗಿದೆ. ಕೈಗೆ ಬಂದದ್ದು ನಲವತ್ತು ಸಾವಿರ.

"ಕೋರ್ಟಿಗೆ ಹೋದ್ರೆ ಎಂತ ಆಗ್ತದೆ ಗೊತ್ತಾ ನೀಲಾ? ಹತ್ತು ವರ್ಷ ಹಿಡೀತದೆ. ಅಷ್ಟೊತ್ತಿಗೆ ನಿನ್ನ ಮಗಳನ್ನ ಕೇಳ್ಕೊಂಡು ಬಂದವ್ರು, ಇವಳ ಅಮ್ಮ ಎಲ್ಲಿ ಅಂದ್ರೆ ಕೋರ್ಟಿನ ಮೆಟ್ಲಲ್ಲಿ ಅಂತ ಹೇಳ್ಬೇಕಾಗ್ತದೆ" ಎಂದರು ರೇಣುಕಪ್ಪ.

"ಅಕ್ಕ, ಸಹಿ ಹಾಕ್ಬಿಡು. ಹೇಗೋ ಆಗ್ತದೆ" ಎಂದ ಪ್ರಸನ್ನ. ಅವನಿಗೆ ಸಂಜೆಯ ಟ್ರಿಪ್ಪಿತ್ತು.

ಅವಳು ಸಹಿ ಹಾಕಿದಳು. ಅಲ್ಲಿಗೇ ಮುಗಿದಿದ್ದರೆ ಅವಳು ಅಷ್ಟೊಂದು ಕಷ್ಟಪಡುತ್ತಿರಲಿಲ್ಲವೋ ಏನೋ. ರೇಣುಕಪ್ಪನವರು ಕಾಗದ ಮಡಚುತ್ತಾ ಹೇಳಿದರು, "ಕಾಗದ ಬಿಡು, ನಾಳೆ ಯಾರೋ ವಕೀಲ ಹರೀಬಹುದು. ನೀನು ಭಕ್ತೆ. ಲಿಂಗ ಅಂಗೈ ಮೇಲೆ ಇಟ್ಕೊಂಡು ಒಂದು ಮಾತು ಹೇಳಿಬಿಡು. ನಮಗೆಲ್ಲ ಸಮಾಧಾನ."

ಕಾಫಿ ತಂದಿದ್ದ ಅವರ ಹೆಂಡತಿ ಕಮಲ ಬಾಗಿಲಲ್ಲೇ ನಿಂತರು. "ಅದೆಲ್ಲ ಯಾಕ್ರೀ? ಪೂಜೆ ಮಾಡೋ ವಸ್ತು ಅದು."

"ನೀನು ಕಾಫಿ ಕೊಡು."

ಇಷ್ಟಲಿಂಗವನ್ನು ವ್ಯವಹಾರದ ನಡುವೆ ಆಣೆಗೆ ಹಿಡಿಯುವ ಪದ್ಧತಿ ನಮ್ಮಲ್ಲಿ ಎಲ್ಲೂ ಇಲ್ಲ. ಅದನ್ನು ಐದು ಜನ ಗಂಡಸರ ಎದುರು ಬಿಚ್ಚುವುದೇ ಸಲ್ಲದು. ಆದರೆ ಈ ಹೆಂಗಸು ಕಾಗದ ಮುರಿದರೂ ಇದನ್ನು ಮುರಿಯಲಾರಳು ಎಂದು ರೇಣುಕಪ್ಪನವರಿಗೆ ಸರಿಯಾಗಿ ಗೊತ್ತಿತ್ತು. ಅವಳು ಕೈ ತೊಳೆದು ಬಂದಳು. ಕೊರಳಿನ ಬೆಳ್ಳಿಯ ಕರಡಿಗೆ ತೆರೆದು, ಒಳಗಿನ ಲಿಂಗವನ್ನು ಅಂಗೈಯ ಮೇಲಿಟ್ಟುಕೊಂಡು, "ನನಗೂ ನನ್ನ ಮಗಳಿಗೂ ಇವರಿಂದ ಏನೂ ಬೇಡ" ಎಂದಳು. ಕರಡಿಗೆ ತವರಿನದಲ್ಲ, ಮದುವೆಯಲ್ಲಿ ನಾವು ಮಾಡಿಸಿದ್ದು ಎಂದು ಶಿವಶಂಕರಪ್ಪ ಜ್ಞಾಪಿಸಿದರು. ಅದನ್ನು ಅಲ್ಲೇ ಟೀಪಾಯಿಯ ಮೇಲಿಟ್ಟು, ಲಿಂಗವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ತಮ್ಮನ ಜೊತೆ ಹೊರಟಳು.

ಕೊಪ್ಪದಲ್ಲಿ ತಮ್ಮನ ಮನೆಯ ಹಿಂದಿನ ಕೋಣೆ ಸಿಕ್ಕಿತು. ಮೊದಲು ಅದರಲ್ಲಿ ಸೌದೆ ಒಟ್ಟುತ್ತಿದ್ದರು. ಬಸ್ ನಿಲ್ದಾಣದ ಹತ್ತಿರದ ಮೆಸ್ಸಿನಲ್ಲಿ ಅಕ್ಕಿರೊಟ್ಟಿ ತಟ್ಟುವ ಕೆಲಸ, ಬೆಳಿಗ್ಗೆ ಆರರಿಂದ ಮೂರರವರೆಗೆ. ಸಂಬಳ ಏಳು ಸಾವಿರ. ಅದರಲ್ಲಿ ಮನೆಯ ಖರ್ಚಿಗೆಂದು ತಮ್ಮನ ಹೆಂಡತಿ ರಶ್ಮಿಯ ಕೈಗೆ ಕೊಟ್ಟು ಉಳಿದದ್ದರಲ್ಲಿ ನಿಶ್ಚಿತಾಳ ಪುಸ್ತಕ, ಬಟ್ಟೆ, ಆಗಾಗ ಬರುವ ಅವಳ ಕೆಮ್ಮಿಗೆ ಔಷಧಿ. ರಶ್ಮಿ ಕೆಟ್ಟವಳೇನಲ್ಲ. ಅವಳಿಗೂ ಇಬ್ಬರು ಮಕ್ಕಳು, ಮನೆ ಇಕ್ಕಟ್ಟು.

ಮಾರನೇ ವರ್ಷ ದೀಪಾವಳಿಯ ಹೊತ್ತಿಗೆ ವೀರೇಶ ಯಾವುದೋ ದೇವಸ್ಥಾನದಲ್ಲಿ ಇನ್ನೊಬ್ಬಳ ಜೊತೆ ಹಾರ ಬದಲಾಯಿಸಿಕೊಂಡ ಸುದ್ದಿ ಬಂತು. ನೀಲಾಂಬಿಕೆ ಅದನ್ನು ಕೇಳಿ ತನ್ನ ಕೆಲಸಕ್ಕೆ ಹೋದಳು. ಅವಳ ಲೆಕ್ಕದಲ್ಲಿ ಅದು ಮುಗಿದ ವಿಷಯ. ಆದರೆ ಅದಕ್ಕೂ ಮೊದಲೇ, ಆ ವರ್ಷದ ಮಳೆಗಾಲ ಕಳೆಯುವಷ್ಟರಲ್ಲಿ ರಶ್ಮಿ ಒಂದು ಮಾತು ತೆಗೆದಿದ್ದಳು. ಶಿವಮೊಗ್ಗದಲ್ಲಿ ಅವಳ ದೊಡ್ಡಮ್ಮ ಇದ್ದಾರೆ, ಮೊಣಕಾಲು ನೋವು, ಮನೆಯಲ್ಲಿ ಒಂದು ಜನ ಬೇಕು. ನಿಶ್ಚಿತಾ ಅಲ್ಲಿದ್ದುಕೊಂಡು ಓದಲಿ.

"ಓದಿಸ್ತಾರಂತೆ, ಊಟ ಬಟ್ಟೆ ಎಲ್ಲ ಅವರದ್ದೇ. ನಿಮಗೂ ಭಾರ ಕಡಿಮೆ ಆಗ್ತದೆ" ಎಂದಳು ರಶ್ಮಿ.

ಅದರ ಅರ್ಥ ಏನೆಂದು ನೀಲಾಂಬಿಕೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ಬಾಡಿಗೆ ಕೋಣೆ ಹಿಡಿದು ಮಗಳನ್ನು ಹತ್ತಿರ ಇಟ್ಟುಕೊಳ್ಳಬೇಕು. ಅಲ್ಲಿಂದ ಮುಂದೆ ಅವಳಿಗೆ ಇದೊಂದೇ ಯೋಚನೆ. ಏಳು ಸಾವಿರದಲ್ಲಿ ಅದು ಆಗುತ್ತಿರಲಿಲ್ಲ.

ಎರಡು ಸಾವಿರದ ಇಪ್ಪತ್ತನಾಲ್ಕರ ಆಗಸ್ಟಿನಲ್ಲಿ ನಮ್ಮ ಸಂಘದ ಸಭೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಒಬ್ಬ ವಕೀಲೆ ಬಂದು ಮಾತಾಡಿದರು. ಅರ್ಪಣಾ ಎಂದು ಹೆಸರು, ಶೃಂಗೇರಿಯ ಅಡ್ಡಗದ್ದೆಯವರು, ಇನ್ನೂ ಚಿಕ್ಕ ವಯಸ್ಸು. ಸಭೆ ಮುಗಿದು ಎಲ್ಲರೂ ಚಹಾ ಕುಡಿದು ಹೋದ ಮೇಲೂ ನೀಲಾಂಬಿಕೆ ಜಮಖಾನ ಮಡಚುತ್ತಲೇ ಇದ್ದಳು. ವಕೀಲೆ ಸ್ಕೂಟರಿನ ಹತ್ತಿರ ಹೋದಾಗ ಹಿಂದೆ ಹೋದಳು.

"ನನಗೆ ಗೊತ್ತಿರೋ ಒಬ್ರ ವಿಷಯ ಮೇಡಂ. ಹಿರಿಯರು ಕೂತು ಡೈವೋರ್ಸ್ ಮಾಡಿಸಿದ್ದಾರೆ. ಛಾಪಾ ಕಾಗದ ಇದೆ."

"ನಿಮಗೆ ಗೊತ್ತಿರೋರ ಹತ್ರ ಅದರ ಜೆರಾಕ್ಸ್ ಇದ್ಯಾ?"

"ಇದೆ" ಎಂದು ನೀಲಾಂಬಿಕೆ ಚೀಲದಿಂದ ತೆಗೆದುಕೊಟ್ಟಳು.

ಅರ್ಪಣಾ ನಗಲಿಲ್ಲ. ನಿಂತಲ್ಲೇ ಎರಡು ಸಲ ಓದಿದರು. "ಇದರಿಂದ ಡೈವೋರ್ಸ್ ಆಗಿಲ್ಲ ಅಕ್ಕ. ಅದನ್ನ ಕೊಡೋದು ಕೋರ್ಟು. ನಮ್ಮಲ್ಲಿ ಹೀಗೆ ಕಾಗದದ ಮೇಲೆ ಬಿಡೋ ಪದ್ಧತಿ ಇದೆ ಅಂತ ಅವರು ಹೇಳಿದ್ರೆ, ಇದೆ ಅಂತ ಸಾಬೀತು ಮಾಡೋದು ಅವರ ತಲೆಬಿಸಿ. ನೀವು ಇವತ್ತಿಗೂ ಅವರ ಹೆಂಡ್ತಿ."

ಇದನ್ನು ಕೇಳಿ ಅವಳಿಗೆ ಧೈರ್ಯ ಬರುತ್ತದೆ ಎಂದು ವಕೀಲೆ ಅಂದುಕೊಂಡಿದ್ದರೋ ಏನೋ. ನೀಲಾಂಬಿಕೆ ಬೆನ್ನು ತಿರುಗಿಸಿ ನಲ್ಲಿಯ ಹತ್ತಿರ ಹೋದಳು. ಎರಡು ವರ್ಷ ಅವಳನ್ನು ನಡೆಸಿದ್ದು ಆ ಮನೆಯಿಂದ ಬಿಡಿಸಿಕೊಂಡೆನೆಂಬ ಒಂದೇ ಸಮಾಧಾನ.

ಮುಖ ತೊಳೆದು ಬಂದು ಕೇಳಿದಳು, "ಅವರು ಇನ್ನೊಂದು ಮದುವೆನೂ ಆಗಿದ್ದಾರೆ. ಜೀವನಾಂಶ ಬೇಡ ಅಂತ ಬರೆದುಕೊಟ್ಟಿದ್ದೀನಲ್ಲ ಮೇಡಂ?"

"ಹೊಟ್ಟೆಗೆ ಬಟ್ಟೆಗೆ ಕೇಳೋ ಹಕ್ಕನ್ನ ಹಾಗೆ ಬರೆದುಕೊಟ್ರೆ ಹೋಗಲ್ಲ. ಡೈವೋರ್ಸೇ ಆಗಿದೆ ಅಂತಿಟ್ಕೊಳ್ಳಿ, ನೀವು ಇನ್ನೊಂದು ಮದುವೆ ಆಗೋವರೆಗೆ ಆಗಲೂ ಕೇಳಬಹುದು. ನಿಮ್ಮ ಮಗಳ ಪಾಲಂತೂ ಬಿಟ್ಟುಕೊಡೋಕೆ ನಿಮ್ಮದೇ ಅಲ್ಲ. ಇಬ್ರೂ ಒಪ್ಪಿ ಬೇರೆ ಇದ್ದೀವಿ ಅಂತ ಬರೆಸಿದ್ದಾರಲ್ಲ, ಅವರ ವಕೀಲರು ಅದನ್ನೇ ಹಿಡಿದು ಜಗ್ತಾರೆ. ಅವನು ಇನ್ನೊಬ್ಬಳನ್ನ ಮನೆಗೆ ತಂದ ಮೇಲೆ ಆ ಒಪ್ಪಿಗೆಗೆ ಅರ್ಥ ಇಲ್ಲ ಅಂತ ನಾವು ಹೇಳೋಣ."

"ವಕೀಲರ ಫೀಸು?"

"ಹೆಣ್ಣುಮಕ್ಕಳಿಗೆ ಸಮಿತಿಯಿಂದ ವಕೀಲರನ್ನ ಕೊಡ್ತಾರೆ, ಆದಾಯ ಎಷ್ಟಿದ್ರೂ. ಒಂದು ಅರ್ಜಿ, ಆಧಾರ್ ಜೆರಾಕ್ಸ್, ಅಷ್ಟೇ."

ನೀಲಾಂಬಿಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು. "ಲಿಂಗದ ಮೇಲೆ ಮಾತು ಕೊಟ್ಟಿದ್ದೀನಿ ಮೇಡಂ."

"ಅದಕ್ಕೆ ನನ್ನ ಹತ್ರ ಸೆಕ್ಷನ್ ಇಲ್ಲ ಅಕ್ಕ" ಎಂದರು ಅರ್ಪಣಾ.

ಮುಂದಿನ ಭಾನುವಾರ ಅವಳು ಎನ್.ಆರ್. ಪುರದ ಕಡೆಗೆ ಬಸ್ಸು ಹತ್ತಿದಳು, ಜೊತೆಗೆ ನನ್ನನ್ನೂ ಕರೆದಳು. ಅವಳಿಗೆ ದೀಕ್ಷೆ ಕೊಟ್ಟ ಅಯ್ಯನವರು ಅಲ್ಲೊಂದು ಹಳ್ಳಿಯಲ್ಲಿದ್ದಾರೆ, ಎಂಬತ್ತು ದಾಟಿದೆ, ಕಿವಿ ಮಂದ. ಅವಳು ಕಾಲಿಗೆರಗಿ ಎಲ್ಲವನ್ನೂ ಗಟ್ಟಿಯಾಗಿ ಹೇಳಬೇಕಾಯಿತು. ಅಂಥ ಮಾತನ್ನು ಕೂಗಿ ಹೇಳುವುದು ಎಷ್ಟು ಕಷ್ಟ ಎಂದು ಅವತ್ತು ಕಂಡೆ.

"ಲಿಂಗ ನಿನ್ನ ಅಂಗೈ ಮೇಲಿತ್ತು. ನಿನ್ನ ಗಂಡನ ಕೈಯಲ್ಲಿ ಎಂತ ಇತ್ತು?" ಎಂದು ಕೇಳಿದರು ಅಯ್ಯನವರು.

"ಫೋನು."

"ಅವನ ಲಿಂಗ?"

"ಮದುವೆ ದಿನ ಕಟ್ಕೊಂಡಿದ್ರು. ಆಮೇಲೆ ದೇವರ ಕೋಣೆ ಮೊಳೆಗೆ ನೇತು ಹಾಕಿದ್ರು."

ಅಯ್ಯನವರು ಮಜ್ಜಿಗೆ ತರಲು ಒಳಗೆ ಕೂಗಿದರು. ಅವರ ಸೊಸೆ ಮಜ್ಜಿಗೆ ತಂದುಕೊಟ್ಟು ಹೋದರು. "ನಾನು ನಿನ್ನ ಕೊರಳಿಗೆ ಕಟ್ಟಿದ್ದು ಪೂಜೆಗೆ. ಛಾಪಾ ಕಾಗದಕ್ಕೆ ಮೊಹರು ಒತ್ತೋಕಲ್ಲ. ಅದನ್ನ ಹಾಗೆ ಮಾಡಿಸಿದವರದ್ದು ದೊಡ್ಡ ತಪ್ಪು. ಆದ್ರೆ ಮಾತು ನಿನ್ನ ಬಾಯಿಂದ ಬಂತಲ್ಲ ತಾಯಿ. ಅದನ್ನ ಬರಲಿಲ್ಲ ಅನ್ನೋಕೆ ನನ್ನ ಕೈಲಿ ಆಗಲ್ಲ."

"ಹಾಗಾದ್ರೆ ಪಾಪ ಬರ್ತದಾ?"

"ಬರ್ತದೋ ಇಲ್ವೋ, ಅದನ್ನ ಶಿವ ನೋಡ್ಕೊಳ್ತಾನೆ. ನಿನ್ನ ಮಗಳನ್ನ ಯಾರು ನೋಡ್ಕೊಳ್ತಾರೆ, ಅದನ್ನ ಹೇಳು."

ಅವಳು ಬಿಡುಗಡೆ ಕೇಳಲು ಹೋಗಿದ್ದಳು. ಅದು ಸಿಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಹೇಳಿದಳು, "ಬಂದ್ರೆ ನನಗೆ ಬರಲಿ." ಸೋಮವಾರ ಮೆಸ್ಸಿನ ಕೆಲಸ ಮುಗಿಸಿ, ಕೋರ್ಟಿನ ಆವರಣದಲ್ಲಿದ್ದ ಸಮಿತಿಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟಳು.

ಕೋರ್ಟು ಎಂದರೆ ವಾಯಿದೆಗಳು. ನೋಟಿಸು ಹೋಗುವುದಕ್ಕೇ ಮೂರು ತಿಂಗಳು. ಮೊದಲ ಸಲ ವಿಳಾಸದಲ್ಲಿ ಇಲ್ಲ ಎಂದು ವಾಪಸು ಬಂತು. ಆ ವಿಳಾಸ ಅಂಗಡಿಯದು, ವೀರೇಶ ಬೆಳಗಿನಿಂದ ಸಂಜೆಯವರೆಗೆ ಕೂರುವ ಜಾಗ. ಆದಾಯ, ಆಸ್ತಿ ಎಷ್ಟೆಂದು ಇಬ್ಬರೂ ಪ್ರಮಾಣಪತ್ರ ಕೊಡಬೇಕಿತ್ತು. ನೀಲಾಂಬಿಕೆ ಏಳು ಸಾವಿರ ಎಂದು ಬರೆಸಿದಳು, ಮಳೆಗಾಲದ ಮುಂಚೆ ಮಂಜಪ್ಪನಂಥ ಒಬ್ಬಿಬ್ಬರು ಹುಡುಕಿಕೊಂಡು ತಂದ ಪಂಪುಗಳಿಂದ ಬಂದ ಎರಡು ಸಾವಿರವನ್ನೂ ಬಿಡದೆ ಸೇರಿಸಿದಳು. ತಾನು ಅಪ್ಪನ ಅಂಗಡಿಯಲ್ಲಿ ಸಂಬಳದ ಆಳು, ತಿಂಗಳಿಗೆ ಒಂಬತ್ತು ಸಾವಿರ, ಹೆಸರಿನಲ್ಲಿ ಏನೂ ಇಲ್ಲ ಎಂದು ವೀರೇಶ ಬರೆಸಿದ. ವಾಯಿದೆಯ ದಿನ ಕಾರನ್ನು ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸಿ ನಡೆದು ಬರುತ್ತಿದ್ದ.

ಪ್ರಕರಣ ಮುಗಿಯುವವರೆಗೆ ತಿಂಗಳಿಗೆ ಮೂರು ಸಾವಿರ ಕೊಡಬೇಕೆಂದು ಮಧ್ಯಂತರ ಆದೇಶವಾಯಿತು. ಎರಡು ತಿಂಗಳು ಬಂದು ನಿಂತಿತು. ಆ ಏಪ್ರಿಲಿನಲ್ಲಿ ನಿಶ್ಚಿತಾಳ ಎಂಟನೇ ತರಗತಿ ಮುಗಿಯಿತು. ಶಿವಮೊಗ್ಗದ ದೊಡ್ಡಮ್ಮನಿಂದ ಇನ್ನೊಂದು ಫೋನು ಬಂತು. ತಮ್ಮ ತಲೆ ತಗ್ಗಿಸಿ ಕೂತಿದ್ದ. "ಬರೀ ಒಂದು ವರ್ಷ ಅಕ್ಕ" ಎಂದ. ನೀಲಾಂಬಿಕೆ ತಾನೇ ಮಗಳನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದಳು. ಹುಡುಗಿ ಅಳಲಿಲ್ಲವಂತೆ. ಅಡುಗೆಮನೆ ಎಲ್ಲಿ ಎಂದು ಕೇಳಿದಳಂತೆ.

ಭಾನುವಾರ ಹತ್ತು ನಿಮಿಷ ಫೋನು. ಬಟ್ಟೆ ಸೋಪಿಗೆ ಬೆರಳುಗಳ ಸಂದು ಬಿರಿದಿದೆ, ಬರೆಯುವಾಗ ಪೆನ್ನು ಹಿಡಿಯಲು ಉರಿ ಎಂದು ಒಂದು ಸಲ ಹೇಳಿ, ಮರುಕ್ಷಣ ಬೇರೆ ಮಾತು ತೆಗೆದಿದ್ದಳು.

ಜೂನಿನಲ್ಲಿ ಪಾಟೀಸವಾಲು. ನಾನು ಹಿಂದಿನ ಬೆಂಚಿನಲ್ಲಿದ್ದೆ. ವೀರೇಶನ ವಕೀಲರು ವಯಸ್ಸಾದವರು, ಮೆತ್ತಗೆ ಮಾತಾಡುವವರು.

"ನಿಮಗೆ ಪಂಪು ರಿಪೇರಿ ಬರುತ್ತೆ?"

"ಬರ್ತದೆ."

"ಚೆನ್ನಾಗಿ ಬರುತ್ತೆ?"

"ಅವರಿಗಿಂತ ಚೆನ್ನಾಗಿ ಬರ್ತದೆ."

ಹಿಂದೆ ಯಾರೋ ನಕ್ಕರು. ಅರ್ಪಣಾ ಫೈಲಿನ ಮೇಲೆ ಕಣ್ಣಿಟ್ಟಿದ್ದರು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದು ಮೊದಲೇ ಹೇಳಿದ್ದರು.

"ಅಂದ್ರೆ ನಿಮ್ಮನ್ನ ನೀವು ನೋಡಿಕೊಳ್ಳೋ ಶಕ್ತಿ ಇದೆ."

"ಶಕ್ತಿ ಇದೆ. ಹನ್ನೊಂದು ವರ್ಷ ಆ ಅಂಗಡೀಲಿ ದುಡಿದೆ."

"ಎಷ್ಟು ಸಂಬಳ ತಗೋತಿದ್ರಿ?"

"ಹೆಂಡ್ತಿಗೆ ಯಾರು ಸಂಬಳ ಕೊಡ್ತಾರೆ ಸಾರ್?"

ವಕೀಲರು ಆ ದಾರಿ ಬಿಟ್ಟು ಛಾಪಾ ಕಾಗದಕ್ಕೆ ಬಂದರು. ಸಹಿ ನಿಮ್ಮದೇ ಎಂದು ಕೇಳಿದರು. ನನ್ನದೇ ಎಂದಳು. "ಅವತ್ತು ಇಷ್ಟಲಿಂಗವನ್ನ ಕೈಯಲ್ಲಿ ಹಿಡಿದು, ಏನೂ ಬೇಡ ಅಂತ ಹೇಳಿದ್ದು ನಿಜವೇ?"

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಕಾಗದದಲ್ಲಿ ಆ ವಿಷಯ ಇರಲಿಲ್ಲ. ಅವಳು "ನಿಜ" ಎಂದಳು.

"ಯಾರಾದ್ರೂ ಕುತ್ತಿಗೆ ಹಿಡಿದು ಹೇಳಿಸಿದ್ರಾ?"

"ಇಲ್ಲ."

"ದೈವಭಕ್ತರು ನೀವು. ಆ ಮಾತಿಗೆ ಬೆಲೆ ಇಲ್ವಾ?"

ಅವಳು ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇದೆ ಸಾರ್. ದಿನಾ ಬೆಳಿಗ್ಗೆ ಅದು ನನ್ನ ಎದುರಿಗೇ ಇರ್ತದೆ. ಮಾತು ಮುರಿದಿದ್ದೀನಿ. ಅದಕ್ಕೆ ಉತ್ತರ ಕೊಡಬೇಕಾದಲ್ಲಿ ಕೊಡ್ತೀನಿ. ಇಲ್ಲಿ ಕೇಳ್ತಿರೋದು ಮಗಳ ಊಟ, ಓದು."

ಆಮೇಲೆ ವೀರೇಶನ ಸರದಿ ಬಂದಾಗ ಅರ್ಪಣಾ ಮೂರು ದಾಖಲೆ ತೋರಿಸಿದರು. ಮಂಜಪ್ಪ ಕೊಟ್ಟದ್ದು. ಅವರು ಮೆಸ್ಸಿಗೆ ಊಟಕ್ಕೆ ಬಂದಾಗ ಕೇಸಿನ ಸುದ್ದಿ ತಿಳಿದು, ಮುಂದಿನ ವಾರ ಕೆರೆಕಟ್ಟೆಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದುಕೊಟ್ಟಿದ್ದರು. ಹೊಸ ಪಂಪು ಕೊಂಡಾಗ ಕೊಟ್ಟ ಗ್ಯಾರಂಟಿ ಕಾರ್ಡು, ಬಿಲ್ಲು. ಬರಹ ನೀಲಾಂಬಿಕೆಯದು. ಕೆಳಗೆ "ಮಾಲೀಕರು" ಎಂಬಲ್ಲಿ ವೀರೇಶನ ಸಹಿ. ಸಂಬಳದ ಆಳು ಅಲ್ಲಿ ಹೇಗೆ ಸಹಿ ಹಾಕಿದ ಎಂದು ಕೇಳಿದ್ದಕ್ಕೆ ಅವನು ತನ್ನ ವಕೀಲರ ಕಡೆ ತಿರುಗಿದ. ಕಾಗದದ ಮೇಲೆ ಹೆಂಡತಿಯನ್ನು ಬಿಡುವ ಪದ್ಧತಿ ಇದೆ ಎಂದು ಹೇಳಲು ಕರೆಸಿದ್ದ ಹಿರಿಯರೊಬ್ಬರು ವಾಯಿದೆಯ ದಿನ ಬರಲೇ ಇಲ್ಲ.

ಅಕ್ಟೋಬರಿನಲ್ಲಿ ತೀರ್ಪು ಬಂತು. ಅವಳಿಗೆ ತಿಂಗಳಿಗೆ ಐದು ಸಾವಿರ, ಮಗಳಿಗೆ ಮೂರು, ಅರ್ಜಿ ಹಾಕಿದ ದಿನದಿಂದ ಲೆಕ್ಕ. ಅರ್ಪಣಾ ಓದಿ ಹೇಳಿದಾಗ ಅವಳು ಅವರ ಕೈ ಹಿಡಿದುಕೊಂಡಳು, ಸಂತೋಷ ಕಾಣಲಿಲ್ಲ. ಕೊಪ್ಪದ ಮೇಲಿನಪೇಟೆಯಲ್ಲಿ ಒಂದು ಕೋಣೆ ನೋಡಿ ಬಂದಳು. ಮುಂಗಡ ಕೊಡಬೇಕಿತ್ತು, ಹಣ ಬಂದ ಮೇಲೆ ಎಂದು ಹೇಳಿ ಬಂದಳು. ಹಣ ಬರಲಿಲ್ಲ. ನವೆಂಬರು ಹೋಯಿತು, ಡಿಸೆಂಬರು ಹೋಯಿತು. ಕೋಣೆ ಬೇರೆಯವರ ಪಾಲಾಯಿತು. ವಸೂಲಿಗೆ ಮತ್ತೊಂದು ಅರ್ಜಿ ಹಾಕಿದರು. ಕಟ್ಟದಿದ್ದರೆ ವಾರಂಟು, ಆಗಲೂ ಕಟ್ಟದಿದ್ದರೆ ಜೈಲಿಗೆ ಕಳಿಸುವ ಅಧಿಕಾರ ಕೋರ್ಟಿಗಿದೆ ಎಂದು ಅರ್ಪಣಾ ವಿವರಿಸಿದ್ದರು. ಫೆಬ್ರವರಿಯಲ್ಲಿ ವಾರಂಟು ಹೊರಟಿತು.

ಅದಾದ ನಾಲ್ಕನೇ ದಿನ ಮಧ್ಯಾಹ್ನ, ಅವಳು ಮೆಸ್ಸಿನಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ, ರೇಣುಕಪ್ಪನವರ ಕಾರು ತಮ್ಮನ ಮನೆಯ ಮುಂದೆ ನಿಂತಿತು. ಅವರು ಇಳಿದು ಬಂದು ಜಗಲಿಯ ಮೇಲೆ ಕೂತರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಸೊರಗಿಹೋಗಿದ್ದರು. ಪ್ರಸನ್ನ ಮನೆಯಲ್ಲೇ ಇದ್ದ. ರಶ್ಮಿ ಕಾಫಿ ತಂದಿಟ್ಟು ಒಳಗೆ ಹೋದಳು.

"ಚೆನ್ನಾಗಿದ್ದೀಯಾ ನೀಲಾ?"

"ಇದ್ದೀನಿ ಮಾವ. ಕಮಲತ್ತೆ ಹೇಗಿದ್ದಾರೆ?"

"ಅವಳು ನನ್ನ ಹತ್ರ ಸರಿಯಾಗಿ ಮಾತಾಡಿ ನಾಲ್ಕು ವರ್ಷ ಆಯ್ತು. ನಿನ್ನ ದೆಸೆಯಿಂದಲೇ" ಎಂದು ನಗಲು ನೋಡಿದರು. ಆಮೇಲೆ ಜುಬ್ಬದ ಜೇಬಿನಿಂದ ಒಂದು ದಪ್ಪ ಕವರು ತೆಗೆದು ಪಕ್ಕದಲ್ಲಿಟ್ಟರು. "ನೋಡು, ನಾನು ಅವನ ಪರ ಮಾತಾಡೋಕೆ ಬಂದಿಲ್ಲ. ಅವನು ಕೊಡಲ್ಲ. ಜೈಲಿಗೆ ಹೋಗ್ತಾನೆ ಬಿಟ್ರೆ ಕೊಡಲ್ಲ, ಅಂಥ ಮೊಂಡ. ಪೊಲೀಸರು ಪೇಟೆಯಲ್ಲಿ ಅವನನ್ನ ಜೀಪು ಹತ್ತಿಸಿದ್ರೆ ಅವನ ಅಮ್ಮ, ನನ್ನ ಅಕ್ಕ, ಬದುಕೋದಿಲ್ಲ. ಇದು ನನ್ನ ಸ್ವಂತ ದುಡ್ಡು. ಬಾಕಿ ಪೂರ್ತಿ ಇದೆ. ಇನ್ನು ಮುಂದೆ ಪ್ರತಿ ತಿಂಗಳು ಒಂದನೇ ತಾರೀಕು ನಾನೇ ಬಂದು ಕೊಟ್ಟು ಹೋಗ್ತೀನಿ, ನಾನಿರೋ ತನಕ. ಇವತ್ತೇ ಶಿವಮೊಗ್ಗಕ್ಕೆ ಕಾರಲ್ಲಿ ಹೋಗಿ ಮಗಳನ್ನ ಕರ್ಕೊಂಡು ಬರೋಣ."

ಪ್ರಸನ್ನ ಅಕ್ಕನ ಮುಖ ನೋಡಿದ.

"ನೀನು ಕೋರ್ಟಿಗೆ ಕೊಡೋ ಒಂದು ಸಣ್ಣ ಮೆಮೋಗೆ ಸಹಿ ಹಾಕು, ಕೇಸು ಮುಗಿದಿದೆ ಅಂತ" ಎಂದರು ರೇಣುಕಪ್ಪ. ಸ್ವಲ್ಪ ತಡೆದು ಸೇರಿಸಿದರು, "ಇನ್ನೊಂದು. ಅವತ್ತು ನಾನು ನಿನ್ನಿಂದ ಆ ಮಾತು ಹೇಳಿಸಬಾರದಿತ್ತು. ಅದು ನನ್ನನ್ನ ತಿಂತಾ ಇದೆ. ಹೀಗೆ ಮಾಡಿದ್ರೆ ನೀನು ಅವನಿಂದ ಏನೂ ತಗೊಂಡ ಹಾಗಾಗಲ್ಲ. ನಿನ್ನ ಮಾತೂ ಉಳೀತದೆ."

ಇದನ್ನು ಹೇಳುವಾಗ ಅವರ ದನಿಯಲ್ಲಿ ಕಪಟ ಇರಲಿಲ್ಲ ಎಂದು ನೀಲಾಂಬಿಕೆ ನನಗೆ ಎರಡು ಸಲ ಹೇಳಿದ್ದಾಳೆ. ಅವಳಿಗೆ ಕಷ್ಟವಾದದ್ದೂ ಅದೇ. ಅವಳು ಕವರನ್ನು ನೋಡಿದಳು. ಅದರಲ್ಲಿ ಕೋಣೆಯ ಮುಂಗಡ ಇತ್ತು, ಬಾಡಿಗೆ ಇತ್ತು, ಸಂಜೆಯ ಒಳಗೆ ಮನೆಗೆ ಬರಬಹುದಾದ ನಿಶ್ಚಿತಾ ಇದ್ದಳು. ಒಳಗೆ ರಶ್ಮಿ ಲೋಟ ಇಡುವ ಸದ್ದು ನಿಂತಿತ್ತು.

"ಕಾಫಿ ಆರ್ತದೆ, ಕುಡೀರಿ ಮಾವ" ಎಂದಳು.

ಅವರು ಕುಡಿದು ಮುಗಿಸುವ ತನಕ ಕಾದಳು.

"ನಿಮ್ಮ ದುಡ್ಡು ಬೇಡ. ಬೇಜಾರು ಮಾಡ್ಕೋಬೇಡಿ. ಒಂದು ಸಲ ನಿಮ್ಮ ಮನೇಲಿ ಕೂತು ಮುಗೀತು ಅಂತ ಸಹಿ ಹಾಕಿದ್ದೀನಿ, ಇನ್ನೊಂದು ಸಲ ಹಾಕಲ್ಲ. ನೀವು ಕೊಟ್ರೆ ಅದು ನಿಮ್ಮ ಧರ್ಮ. ನಾಳೆ ನಿಮಗೆ ಆಗದೇ ಹೋದ್ರೆ ನಾನು ಯಾರನ್ನ ಕೇಳ್ಲಿ? ಅಪ್ಪ ಬದುಕಿರುವಾಗ ಮಗಳು ಬೇರೆಯವರ ಧರ್ಮದಲ್ಲಿ ಓದೋದು ಬೇಡ. ಅವರು ಕೊಡಬೇಕಾದ್ದು ಅವರೇ ಕೋರ್ಟಲ್ಲಿ ಕಟ್ಟಲಿ."

"ಮತ್ತೆ ನಿನ್ನ ಮಾತು?"

"ಮುರಿದವಳು ಅಂತಲೇ ಇರ್ಲಿ ಮಾವ."

"ಅಕ್ಕ, ಮಗು ಅಲ್ಲಿ ಇನ್ನೂ ಎಷ್ಟು ದಿನ ಅಂತ" ಎಂದು ಪ್ರಸನ್ನ ಬಾಯಿ ತೆರೆದ. ಅವಳು ಅವನ ಕಡೆ ತಿರುಗಲಿಲ್ಲ.

"ಎಷ್ಟು ದಿನ ಅಂತ ನನಗೆ ಗೊತ್ತಿಲ್ಲ" ಎಂದಳು.

ರೇಣುಕಪ್ಪನವರು ಗೋಡೆ ಹಿಡಿದು ಎದ್ದರು. ಕವರನ್ನು ಅಲ್ಲೇ ಬಿಟ್ಟು ಕಾರಿನ ಕಡೆ ನಡೆದರು, ಮರೆತವರ ಹಾಗೆ. ಅವಳು ಅದನ್ನೆತ್ತಿಕೊಂಡು ಹಿಂದೆ ಹೋಗಿ, ಅವರು ಕೂತು ಬಾಗಿಲು ಹಾಕಿಕೊಳ್ಳುವ ಮೊದಲು ಅವರ ತೊಡೆಯ ಮೇಲಿಟ್ಟಳು.